30 ಸಾವಿರ ಡಾಲರ್ ಆಸುಪಾಸಿನ ಸ್ಪೋರ್ಟಿ ಕೂಪೆ: ಜಿಆರ್86, ಬಿಆರ್‌ಝಡ್, ಮಿಯಾಟಾ, ಮಸ್ಟಾಂಗ್ ಯಾವುದು ಯಾರಿಗೆ?

ಅಮೆರಿಕದಲ್ಲಿ ಎರಡು ಬಾಗಿಲಿನ, ಓಡಿಸಲು ಖುಷಿ ಕೊಡುವ, ಆದರೆ ದೊಡ್ಡ ಸಾಲಕ್ಕೆ ತಳ್ಳದ ಕಾರು ಬೇಕು ಎನ್ನುವವರಿಗೆ ಈಗ ಉಳಿದಿರುವುದು ಬೆರಳೆಣಿಕೆಯ ಆಯ್ಕೆ. ಹೋಂಡಾ ಸಿವಿಕ್ ಕೂಪೆ 2020ರ ಮಾಡೆಲ್‌ಗೇ ನಿಂತುಹೋಯಿತು. ಶೆವ್ರೊಲೆ ಕಮಾರೊ 2024ರ ಮಾಡೆಲ್‌ನೊಂದಿಗೆ ಮುಗಿಯಿತು. ನಿಸಾನ್ ಝಡ್ ಒಳ್ಳೆಯ ಕಾರು, 400 ಹಾರ್ಸ್‌ಪವರ್ ಇದೆ. ಆದರೆ ಬೆಲೆ 40 ಸಾವಿರ ಡಾಲರ್ ದಾಟುತ್ತದೆ. ಹೋಂಡಾ ಪ್ರಿಲ್ಯೂಡ್ 2026ರ ಮಾಡೆಲ್ ಆಗಿ ವಾಪಸ್ ಬಂದಿದೆ. ಅದು ಹೈಬ್ರಿಡ್, ಮ್ಯಾನುಯಲ್ ಗೇರ್ ಇಲ್ಲ, ಬೆಲೆಯೂ 40 ಸಾವಿರದ ಮೇಲೆ.

ಹಾಗಾಗಿ ಕೊಳ್ಳುವವರ ಪಟ್ಟಿಯಲ್ಲಿ ನಿಜವಾಗಿ ಉಳಿಯುವುದು ನಾಲ್ಕು: ಟೊಯೋಟ ಜಿಆರ್86, ಸುಬಾರು ಬಿಆರ್‌ಝಡ್, ಮಾಜ್ದಾ ಎಂಎಕ್ಸ್-5 ಮಿಯಾಟಾ ಮತ್ತು ಫೋರ್ಡ್ ಮಸ್ಟಾಂಗ್ ಇಕೋಬೂಸ್ಟ್. ಇದನ್ನು ಮುಖ್ಯವಾಗಿ ಅಮೆರಿಕದಲ್ಲಿರುವ ನಮ್ಮವರಿಗೆ ಬರೆಯುತ್ತಿದ್ದೇನೆ. ಬಿಡದಿಯಲ್ಲಿ ಟೊಯೋಟ ಕಾರ್ಖಾನೆ ಇದ್ದರೂ ಜಿಆರ್86 ಬೆಂಗಳೂರಿನ ಶೋರೂಮಿನಲ್ಲಿ ಸಿಗುವುದಿಲ್ಲ. ಬಿಆರ್‌ಝಡ್, ಮಿಯಾಟಾ ಕತೆಯೂ ಅಷ್ಟೇ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಬೆಲೆಯಲ್ಲಿ ಸ್ಪೋರ್ಟಿ ಕಾರು ಆರಿಸುವಾಗ ಹಾರ್ಸ್‌ಪವರ್‌ಗಿಂತ ಮೊದಲು ತೂಕ ನೋಡಬೇಕು. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕುವುದು ಹಾರ್ಸ್‌ಪವರ್. ಆದರೆ ಸ್ಟಿಯರಿಂಗ್ ಹಿಡಿದ ಕೈಗೆ, ಸೀಟಿನಲ್ಲಿ ಕೂತ ಬೆನ್ನಿಗೆ ಗೊತ್ತಾಗುವುದು ತೂಕ.

ತೂಕದ ಲೆಕ್ಕ

ಮಿಯಾಟಾ ಸಾಫ್ಟ್ ಟಾಪ್, ಅಂದರೆ ಬಟ್ಟೆಯ ಚಾವಣಿಯದು, 1,100 ಕೆಜಿಗೂ ಕಡಿಮೆ. ಮ್ಯಾನುಯಲ್ ಗೇರಿನ ಜಿಆರ್86, ಬಿಆರ್‌ಝಡ್ ಎರಡೂ ಹೆಚ್ಚುಕಡಿಮೆ 1,280 ಕೆಜಿ. ಮಸ್ಟಾಂಗ್ ಇಕೋಬೂಸ್ಟ್ 1,600 ಕೆಜಿ ದಾಟುತ್ತದೆ. ಅಂದರೆ ಜಿಆರ್86 ಪಕ್ಕದಲ್ಲಿ ಮಸ್ಟಾಂಗ್ ಐದು ಜನ ದೊಡ್ಡವರನ್ನು ಹೊತ್ತುಕೊಂಡೇ ಸದಾ ಓಡುತ್ತಿರುವ ಹಾಗೆ.

ಹಾರ್ಸ್‌ಪವರ್ ನೋಡಿದರೆ ಸಾಲು ತಲೆಕೆಳಗು. ಮಸ್ಟಾಂಗ್‌ನ 2.3 ಲೀಟರ್ ಟರ್ಬೊ ಎಂಜಿನ್ 315 ಕೊಡುತ್ತದೆ. ಜಿಆರ್86, ಬಿಆರ್‌ಝಡ್‌ನ 2.4 ಲೀಟರ್ ಎಂಜಿನ್ 228. ಮಿಯಾಟಾದ 2 ಲೀಟರ್ ಎಂಜಿನ್ 181. ನೇರ ರಸ್ತೆಯಲ್ಲಿ ಪಿಕಪ್ ಒಂದೇ ಬೇಕು ಅಂದರೆ ಮಸ್ಟಾಂಗ್ ಗೆಲ್ಲುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ದಿನನಿತ್ಯದ ರಸ್ತೆಯಲ್ಲಿ 300 ಹಾರ್ಸ್‌ಪವರ್ ಪೂರ್ತಿ ಬಳಸುವ ಸಂದರ್ಭ ಬರುವುದು ಫ್ರೀವೇ ಸೇರುವ ಆ ಕೆಲವು ಸೆಕೆಂಡು ಮಾತ್ರ. ಆಮೇಲೆ ಅದು ಸುಮ್ನೆ ಇರುತ್ತದೆ. ತೂಕ ಕಡಿಮೆ ಇರುವುದರ ಲಾಭ ಹಾಗಲ್ಲ. ಪ್ರತಿ ತಿರುವಿನಲ್ಲಿ, ಪ್ರತಿ ಬ್ರೇಕಿನಲ್ಲಿ, ಪಾರ್ಕಿಂಗ್ ಲಾಟಿನಲ್ಲಿ ಸುತ್ತು ಹಾಕುವಾಗಲೂ ಅದು ಗೊತ್ತಾಗುತ್ತದೆ. ಬ್ರೇಕ್ ಪ್ಯಾಡ್, ಟೈರ್ ಕೂಡ ಜಾಸ್ತಿ ದಿನ ಬಾಳುತ್ತವೆ.

ಜಿಆರ್86 ಮತ್ತು ಬಿಆರ್‌ಝಡ್

ಇವೆರಡೂ ಒಂದೇ ಕಾರಿನ ಎರಡು ರೂಪ. ಟೊಯೋಟ ಮತ್ತು ಸುಬಾರು ಸೇರಿ ಮಾಡಿದ್ದು. ಎರಡೂ ತಯಾರಾಗುವುದು ಜಪಾನಿನ ಗುನ್ಮಾದಲ್ಲಿರುವ ಸುಬಾರು ಕಾರ್ಖಾನೆಯಲ್ಲಿ. ಮೊದಲ ತಲೆಮಾರು 2012ರಲ್ಲಿ ಬಂತು. ಆಗ ಅಮೆರಿಕದಲ್ಲಿ ಟೊಯೋಟದ ಕಾರಿಗೆ ಸಯಾನ್ ಎಫ್‌ಆರ್-ಎಸ್ ಎಂಬ ಹೆಸರಿತ್ತು. ಸಯಾನ್ ಬ್ರ್ಯಾಂಡ್ ಮುಚ್ಚಿದ ಮೇಲೆ ಅದು ಟೊಯೋಟ 86 ಆಯಿತು. ಈಗಿನ ಎರಡನೇ ತಲೆಮಾರು ಅಮೆರಿಕಕ್ಕೆ 2022ರ ಮಾಡೆಲ್ ಆಗಿ ಬಂದಿದೆ.

ಹಳೆಯದನ್ನು ಓಡಿಸಿದವರೆಲ್ಲ ಹೇಳುತ್ತಿದ್ದ ಒಂದು ದೂರು ಇತ್ತು. ಆ 2 ಲೀಟರ್ ಎಂಜಿನ್ ಸುಮಾರು 4,000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಹತ್ತಿರ ಬಂದಾಗ ಸುಸ್ತಾದಂತೆ ಆಡುತ್ತಿತ್ತು. ಅದರ ಪೂರ್ತಿ ಟಾರ್ಕ್, ಅಂದರೆ ತಿರುಗಿಸುವ ಬಲ, ಸಿಗಬೇಕಾದರೆ 6,400 ಆರ್‌ಪಿಎಂವರೆಗೆ ಹೋಗಬೇಕಿತ್ತು. ಆಫೀಸಿಗೆ ಹೋಗುವಾಗ ಯಾರು ಅಲ್ಲಿಗೆ ಹೋಗುತ್ತಾರೆ? ಹೊಸ 2.4 ಲೀಟರ್ ಎಂಜಿನ್ ಇದನ್ನು ಸರಿಮಾಡಿದೆ. ಟಾರ್ಕ್ 156 ಪೌಂಡ್-ಫೀಟ್‌ನಿಂದ 184ಕ್ಕೆ ಏರಿದೆ. ಅದಕ್ಕಿಂತ ಮುಖ್ಯವಾಗಿ, ಅದು 3,700 ಆರ್‌ಪಿಎಂನಲ್ಲೇ ಸಿಗುತ್ತದೆ. ಮೂರನೇ ಗೇರಿನಲ್ಲಿ ಆರಾಮಾಗಿ ಹೋಗುತ್ತಿದ್ದವರು ಕಾಲು ಒತ್ತಿದರೆ ಕಾರು ತಕ್ಷಣ ಮುಂದೆ ಹೋಗುತ್ತದೆ. ಗೇರ್ ಇಳಿಸಿ ಬೇಡಿಕೊಳ್ಳಬೇಕಿಲ್ಲ. ಇದರಲ್ಲಿ ಟರ್ಬೊ ಇಲ್ಲ, ಆದ್ದರಿಂದ ಕಾಲಿಗೂ ಎಂಜಿನ್ನಿಗೂ ನಡುವೆ ಕಾಯುವ ಕೆಲಸವೂ ಇಲ್ಲ.

ಈ ಎಂಜಿನ್‌ನಲ್ಲಿ ಪಿಸ್ಟನ್‌ಗಳು ಮೇಲೆ ಕೆಳಗೆ ಓಡುವುದಿಲ್ಲ, ಎಡಕ್ಕೆ ಬಲಕ್ಕೆ ಅಡ್ಡಡ್ಡ ಓಡುತ್ತವೆ. ಅದಕ್ಕೇ ಎಂಜಿನ್ ಅಗಲವಾಗಿ, ಕುಳ್ಳಗೆ ಇದೆ. ಬಾನೆಟ್ಟಿನೊಳಗೆ ತೀರಾ ತಗ್ಗಿನಲ್ಲಿ ಕೂರುತ್ತದೆ. ಭಾರ ನೆಲಕ್ಕೆ ಹತ್ತಿರ ಇರುವುದರಿಂದ ತಿರುವಿನಲ್ಲಿ ಕಾರು ಪಕ್ಕಕ್ಕೆ ವಾಲುವುದು ಕಡಿಮೆ. ಹಿಂದಿನ ಚಕ್ರಗಳಿಗೆ ಟಾರ್ಸನ್ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ (ಎರಡು ಚಕ್ರಗಳಿಗೆ ಬಲ ಹಂಚುವ ಗೇರ್ ಜೋಡಣೆ) ಇದೆ, ಅತಿ ಕಡಿಮೆ ಬೆಲೆಯ ಮಾಡೆಲ್‌ನಲ್ಲೂ ಇದೆ. ಸಾಮಾನ್ಯ ಡಿಫರೆನ್ಶಿಯಲ್ ಆದರೆ ಒಂದು ಚಕ್ರ ಜಾರಿದಾಗ ಎಂಜಿನ್ನಿನ ಬಲವೆಲ್ಲ ಆ ಜಾರುವ ಚಕ್ರದಲ್ಲೇ ಪೋಲಾಗುತ್ತದೆ. ಟಾರ್ಸನ್ ಹಿಡಿತ ಇರುವ ಚಕ್ರಕ್ಕೆ ಬಲ ಕಳಿಸುತ್ತದೆ. ಮಳೆಯಲ್ಲಿ ನೆಂದ ರ‍್ಯಾಂಪ್ ಹತ್ತಿ ಫ್ರೀವೇ ಸೇರುವಾಗ ಇದು ಎಷ್ಟು ನೆಮ್ಮದಿ ಕೊಡುತ್ತದೆ ಎಂದು ಓಡಿಸಿದವರಿಗೇ ಗೊತ್ತು.

ಹಾಗಾದರೆ ಇವೆರಡರಲ್ಲಿ ಯಾವುದು? ವ್ಯತ್ಯಾಸ ಇರುವುದು ಸಸ್ಪೆನ್ಶನ್ನಿನಲ್ಲಿ. ಜಿಆರ್86ಕ್ಕೆ ಹಿಂದಿನ ಸ್ಪ್ರಿಂಗ್ ಬಿಗಿ, ಮುಂದಿನದು ಸ್ವಲ್ಪ ಮೆದು. ಬಿಆರ್‌ಝಡ್‌ನಲ್ಲಿ ಇದಕ್ಕೆ ಉಲ್ಟಾ. ಫಲ ಏನೆಂದರೆ, ಜಿಆರ್86ನ ಹಿಂಭಾಗ ಬೇಗ ಆಟಕ್ಕೆ ಬರುತ್ತದೆ, ತಿರುವಿನಲ್ಲಿ ಗ್ಯಾಸ್ (ಆಕ್ಸಿಲರೇಟರ್) ಒತ್ತಿದರೆ ಸ್ವಲ್ಪ ಜಾರಲು ಸಿದ್ಧವಾಗಿರುತ್ತದೆ. ಬಿಆರ್‌ಝಡ್ ಶಾಂತ ಸ್ವಭಾವದ್ದು. ಮುಂದಿನ ಚಕ್ರ ಎಲ್ಲಿ ಇಟ್ಟೆವೋ ಅಲ್ಲೇ ನಿಲ್ಲುತ್ತದೆ. ಹಿಂದಿನ ಚಕ್ರದಿಂದ ಓಡುವ ಕಾರನ್ನು ಮೊದಲ ಸಲ ಕೊಳ್ಳುವವರಿಗೆ ನಾನು ಬಿಆರ್‌ಝಡ್ ಕಡೆ ಕೈ ತೋರಿಸುತ್ತೇನೆ. ಖಾಲಿ ಮೈದಾನದಲ್ಲಿ ಅಥವಾ ಟ್ರ್ಯಾಕಿನಲ್ಲಿ ಕಾರು ಆಡಿಸಲು ಕಲಿಯಬೇಕು ಎನ್ನುವವರಿಗೆ ಜಿಆರ್86. ಆದರೆ ಇಬ್ಬರಿಗೂ ಒಂದು ಮಾತು: ಎರಡು ಡೀಲರ್‌ಗಳಲ್ಲಿ ಯಾರು ಕಡಿಮೆಗೆ ಕೊಡುತ್ತಾರೋ ಅವರ ಹತ್ತಿರ ತೆಗೆದುಕೊಳ್ಳಿ. ಈ ಸಸ್ಪೆನ್ಶನ್ ವ್ಯತ್ಯಾಸಕ್ಕೆ ಸಾವಿರ ಡಾಲರ್ ಜಾಸ್ತಿ ಕೊಡುವುದು ಬೇಡ.

ಸುಬಾರು ಎಂದ ಕೂಡಲೇ ನಾಲ್ಕು ಚಕ್ರಕ್ಕೂ ಬಲ ಹೋಗುತ್ತದೆ, ಹಿಮದಲ್ಲಿ ಚಿಂತೆ ಇಲ್ಲ ಎಂದು ಅನೇಕರು ಅಂದುಕೊಳ್ಳುತ್ತಾರೆ. ಬಿಆರ್‌ಝಡ್‌ಗೆ ಆ ಮಾತು ಅನ್ವಯಿಸದು. ಅಮೆರಿಕದಲ್ಲಿ ಸುಬಾರು ಮಾರುವ ಕಾರುಗಳಲ್ಲಿ ಹಿಂದಿನ ಚಕ್ರದಿಂದ ಮಾತ್ರ ಓಡುವುದು ಇದೊಂದೇ.

ಮಾಡೆಲ್ ವಿಚಾರ. ಜಿಆರ್86ನ ಬೇಸ್ ಮಾಡೆಲ್‌ಗೆ 17 ಇಂಚಿನ ಚಕ್ರ, ಪ್ರೀಮಿಯಂಗೆ 18 ಇಂಚಿನ ಚಕ್ರ ಮತ್ತು ಮಿಶೆಲಿನ್ ಪೈಲಟ್ ಸ್ಪೋರ್ಟ್ 4 ಟೈರ್. ಪ್ರೀಮಿಯಂನಲ್ಲಿ ಬಿಸಿಯಾಗುವ ಸೀಟು, ಬ್ಲೈಂಡ್ ಸ್ಪಾಟ್ ಎಚ್ಚರಿಕೆ ಕೂಡ ಬರುತ್ತವೆ. ಎಂಜಿನ್, ಗೇರ್‌ಬಾಕ್ಸ್, ಟಾರ್ಸನ್ ಎರಡಕ್ಕೂ ಒಂದೇ. ನನ್ನ ಆಯ್ಕೆ ಬೇಸ್. ಅದರ ಟೈರಿಗೆ ಹಿಡಿತ ಸ್ವಲ್ಪ ಕಡಿಮೆ, ಅದೇ ಅದರ ಚೆಂದ. ಕಡಿಮೆ ವೇಗದಲ್ಲೇ ಕಾರು ಏನು ಮಾಡುತ್ತಿದೆ ಎಂದು ಕೈಗೆ ತಿಳಿಯುತ್ತದೆ. ಟೈರ್ ಸವೆದಾಗ ಬದಲಿಸುವ ಖರ್ಚೂ ಕಡಿಮೆ. ಆದರೆ ಲಾಸ್ ಏಂಜಲಿಸ್, ಡಲ್ಲಾಸ್ ಥರದ ಊರಿನಲ್ಲಿ ದಿನಾ ಆರು ಲೇನಿನ ಫ್ರೀವೇಯಲ್ಲಿ ಓಡಾಡುವವರು ಬ್ಲೈಂಡ್ ಸ್ಪಾಟ್ ಎಚ್ಚರಿಕೆಗಾಗಿ ಪ್ರೀಮಿಯಂ ತೆಗೆದುಕೊಂಡರೆ ತಪ್ಪೇನಿಲ್ಲ. ಕೂಪೆಯ ಹಿಂದಿನ ಕಂಬ ದಪ್ಪ, ಭುಜದ ಹಿಂದೆ ಬರುವ ಕಾರು ಕಾಣುವುದು ಕಷ್ಟ.

ಇನ್ನು ಕೊರತೆಗಳು. ಕಾಂಕ್ರೀಟ್ ಹೈವೇಯಲ್ಲಿ ಟೈರಿನ ಸದ್ದು ಜೋರಾಗಿ ಒಳಗೆ ಬರುತ್ತದೆ. ಎರಡು ಗಂಟೆಯ ದಾರಿಯಲ್ಲಿ ಫೋನಿನಲ್ಲಿ ಮಾತಾಡುವ ಅಭ್ಯಾಸ ಇರುವವರಿಗೆ ಇದು ಬೇಸರ ತರಿಸಬಹುದು. ಯಾವ ಮಾಡೆಲ್ ಆದರೂ ಪ್ರೀಮಿಯಂ ಗ್ಯಾಸೇ, ಅಂದರೆ ಹೆಚ್ಚು ಆಕ್ಟೇನಿನ ಪೆಟ್ರೋಲೇ, ಹಾಕಬೇಕು. ಟ್ರ್ಯಾಕಿಗೆ ಹೋಗುವವರು ಇನ್ನೊಂದು ತಿಳಿದಿರಬೇಕು. ಉದ್ದನೆಯ ಬಲ ತಿರುವುಗಳಲ್ಲಿ ಜೋರಾಗಿ ಹೋದಾಗ ಆಯಿಲ್ ಪ್ರೆಶರ್ ಇಳಿಯುವುದನ್ನು ಕೆಲವು ಮಾಲೀಕರು ಅಳೆದು ತೋರಿಸಿದ್ದಾರೆ. ಎಂಜಿನ್ ಜೋಡಿಸುವಾಗ ಹಚ್ಚುವ ಸೀಲಂಟಿನ ಚೂರುಗಳು ಆಯಿಲ್ ಹೀರುವ ಜಾಲರಿಯಲ್ಲಿ ಸಿಕ್ಕಿದ್ದನ್ನೂ ಕೆಲವರು ಕಂಡಿದ್ದಾರೆ. ರಸ್ತೆಯಲ್ಲಷ್ಟೇ ಓಡಿಸುವವರು ಇದಕ್ಕೆ ನಿದ್ದೆಗೆಡಬೇಕಿಲ್ಲ. ಆದರೆ ಪ್ರತಿ ತಿಂಗಳು ಟ್ರ್ಯಾಕಿಗೆ ಹೋಗುವ ಯೋಚನೆ ಇದ್ದರೆ ಕೊಳ್ಳುವ ಮೊದಲೇ ಈ ಕಾರು ಗೊತ್ತಿರುವ ಮೆಕ್ಯಾನಿಕ್ ಒಬ್ಬರ ಹತ್ತಿರ ಮಾತಾಡಿ. ರೇಸಿಂಗ್‌ನಿಂದ ಆದ ಹಾನಿಗೆ ವಾರಂಟಿ ಸಿಗುವುದಿಲ್ಲ ಎಂಬುದೂ ನೆನಪಿರಲಿ.

ಮಿಯಾಟಾ

1989ರಿಂದ ಮಾಜ್ದಾ ಈ ಕಾರನ್ನು ಬಿಡದೆ ಮಾಡುತ್ತಿದೆ. 2016ರಲ್ಲಿ ಹತ್ತು ಲಕ್ಷ ಕಾರುಗಳ ಗಡಿ ದಾಟಿತು. ಈಗಿನದು ನಾಲ್ಕನೇ ತಲೆಮಾರು. 2019ರ ಮಾಡೆಲ್‌ನಿಂದ ಎಂಜಿನ್ 181 ಹಾರ್ಸ್‌ಪವರ್ ಆಗಿದೆ, 7,500 ಆರ್‌ಪಿಎಂವರೆಗೆ ಹಾಡುತ್ತಾ ಹೋಗುತ್ತದೆ. ಅದಕ್ಕೂ ಮೊದಲಿನದು 155.

ಸ್ಟಿಯರಿಂಗ್ ಹಿಡಿದವರ ಸಂತೋಷ ಒಂದನ್ನೇ ಲೆಕ್ಕ ಹಾಕಿದರೆ ನಾಲ್ಕರಲ್ಲಿ ಮಿಯಾಟಾ ಮೊದಲನೆಯದು. ಇದನ್ನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ಗೇರ್ ಬದಲಿಸುವ ಅನುಭವ ಒಂದಕ್ಕೇ ಈ ಕಾರು ಕೊಳ್ಳುವವರಿದ್ದಾರೆ. ಮಣಿಕಟ್ಟು ಸ್ವಲ್ಪ ಆಡಿಸಿದರೆ ಸಾಕು, ಗೇರ್ ಟಕ್ ಎಂದು ಬೀಳುತ್ತದೆ. ನಾರ್ತ್ ಕರೊಲೈನಾ ಮತ್ತು ಟೆನೆಸ್ಸಿ ಗಡಿಯಲ್ಲಿ ಯುಎಸ್ 129 ರಸ್ತೆಯ ಒಂದು ಭಾಗಕ್ಕೆ ಟೇಲ್ ಆಫ್ ದಿ ಡ್ರ್ಯಾಗನ್ ಎಂದು ಹೆಸರು. 11 ಮೈಲಿಯಲ್ಲಿ 318 ತಿರುವು. ಆಗುಂಬೆ, ಚಾರ್ಮಾಡಿ ಘಾಟಿ ನೋಡಿ ಬೆಳೆದವರಿಗೆ ಆ ರಸ್ತೆ ಕಂಡರೆ ಊರು ನೆನಪಾಗುತ್ತದೆ. ಅಂಥ ಕಡೆ 315 ಹಾರ್ಸ್‌ಪವರ್ ಬೇಡವೇ ಬೇಡ. ಚಾವಣಿ ತೆಗೆದ ಮಿಯಾಟಾ ಸಾಕು.

ಆದರೆ ಇದು ಎರಡೇ ಸೀಟಿನ ಕಾರು. ಮೂರನೆಯವರಿಗೆ ಜಾಗವೇ ಇಲ್ಲ. ಡಿಕ್ಕಿ 4.6 ಘನ ಅಡಿ, ಅಂದರೆ ಎರಡು ಸಣ್ಣ ಬ್ಯಾಗ್. ಒಳಗೆ ಗ್ಲವ್ ಬಾಕ್ಸ್ ಕೂಡ ಇಲ್ಲ. ಸೀಟುಗಳ ನಡುವೆ ಹಿಂದೆ ಒಂದು ಪುಟ್ಟ ಪೆಟ್ಟಿಗೆ ಇದೆ, ಕಾಗದಪತ್ರ ಅಲ್ಲೇ ಇಡಬೇಕು. ಆರಡಿ ಎತ್ತರದವರು ಕೊಳ್ಳುವ ಮೊದಲು ಚಾವಣಿ ಮುಚ್ಚಿ, ಅರ್ಧ ಗಂಟೆ ಕೂತು ನೋಡಬೇಕು.

ಕೂಪೆ ಥರ ಗಟ್ಟಿ ಚಾವಣಿ ಬೇಕೆಂದರೆ ಆರ್‌ಎಫ್ ಮಾಡೆಲ್ ಇದೆ. ಬಟನ್ ಒತ್ತಿದರೆ ಸುಮಾರು 13 ಸೆಕೆಂಡಿನಲ್ಲಿ ಚಾವಣಿ ಹಿಂದೆ ಹೋಗಿ ಕೂರುತ್ತದೆ. ನೋಡಲು ಬಹಳ ಚೆಂದ. ಆದರೆ ಬೆಲೆ ಸಾಫ್ಟ್ ಟಾಪಿಗಿಂತ ಹಲವು ಸಾವಿರ ಡಾಲರ್ ಜಾಸ್ತಿ, ತೂಕವೂ ಜಾಸ್ತಿ, ಚಾವಣಿ ತೆಗೆದಾಗ ಹೈವೇಯಲ್ಲಿ ಗಾಳಿಯ ಸದ್ದೂ ಜಾಸ್ತಿ. ಕಾರನ್ನು ಬೀದಿಯಲ್ಲಿ ನಿಲ್ಲಿಸುವವರು, ಬಟ್ಟೆಯ ಚಾವಣಿ ಯಾರಾದರೂ ಕುಯ್ದುಬಿಟ್ಟರೆ ಎಂಬ ಭಯ ಇರುವವರು ಆರ್‌ಎಫ್ ನೋಡಲಿ. ಉಳಿದವರಿಗೆ ಸಾಫ್ಟ್ ಟಾಪ್ ಕ್ಲಬ್ ಮಾಡೆಲ್, ಮ್ಯಾನುಯಲ್ ಗೇರ್. ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್, ಬಿಲ್‌ಸ್ಟೀನ್ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಅದರಲ್ಲಿ ಬರುತ್ತವೆ. ಅತಿ ಕಡಿಮೆ ಬೆಲೆಯ ಸ್ಪೋರ್ಟ್ ಮಾಡೆಲ್‌ನಲ್ಲಿ ಅವು ಇಲ್ಲ.

ಮಸ್ಟಾಂಗ್ ಇಕೋಬೂಸ್ಟ್

ಮಸ್ಟಾಂಗ್ ಬೇರೆ ಜಾತಿಯ ಕಾರು. ಉದ್ದನೆಯ ಮೂತಿ, ಅಗಲವಾದ ಮೈ, ಹೈವೇಯಲ್ಲಿ ಗಂಟೆಗಟ್ಟಲೆ ಆರಾಮಾಗಿ ಹೋಗುವ ಗುಣ. ಡಿಕ್ಕಿ 13.3 ಘನ ಅಡಿ. ಇದು ಜಿಆರ್86ಗಿಂತ ಎರಡು ಪಟ್ಟು. ಹ್ಯೂಸ್ಟನ್‌ನಿಂದ ಆಸ್ಟಿನ್‌ಗೆ, ಫೀನಿಕ್ಸ್‌ನಿಂದ ಸ್ಯಾನ್ ಡಿಯಾಗೋಗೆ ತಿಂಗಳಿಗೆ ನಾಲ್ಕು ಸಲ ಓಡುವವರಿಗೆ ಇದೇ ಸರಿ. ರೆಗ್ಯುಲರ್ ಗ್ಯಾಸ್‌ನಲ್ಲೂ ಓಡುತ್ತದೆ. 13.2 ಇಂಚಿನ ಸ್ಕ್ರೀನ್ ಇದೆ.

ದೊಡ್ಡ ಕೊರತೆ ಒಂದೇ. 2024ರಲ್ಲಿ ಹೊಸ ರೂಪ ಬಂದಾಗ ಫೋರ್ಡ್ ಇಕೋಬೂಸ್ಟ್‌ನಿಂದ ಮ್ಯಾನುಯಲ್ ಗೇರ್ ತೆಗೆದುಹಾಕಿತು. ಈಗ 10 ಗೇರಿನ ಆಟೋಮ್ಯಾಟಿಕ್ ಮಾತ್ರ. ಮ್ಯಾನುಯಲ್ ಬೇಕೆಂದರೆ ವಿ8 ಎಂಜಿನ್ನಿನ ಜಿಟಿಗೆ ಹೋಗಬೇಕು. ಅಲ್ಲಿಗೆ ಬಜೆಟ್ ಹಾರಿಹೋಗುತ್ತದೆ. ಆಟೋಮ್ಯಾಟಿಕ್ ಸಾಕು, ಟ್ರಾಫಿಕ್ಕಿನಲ್ಲಿ ಕ್ಲಚ್ ಒತ್ತಿ ಸಾಕಾಗಿದೆ ಎನ್ನುವವರಿಗೆ ಇದು ಕೊರತೆಯೇ ಅಲ್ಲ.

ಮಸ್ಟಾಂಗ್ ಬಗ್ಗೆ ಇನ್ನೊಂದು ಅನುಕೂಲ. ಬಾಡಿಗೆ ಕಾರಿನ ಕಂಪನಿಗಳಲ್ಲಿ ಇದು ಸುಲಭವಾಗಿ ಸಿಗುತ್ತದೆ. ಒಂದು ವಾರಾಂತ್ಯ ಬಾಡಿಗೆಗೆ ತೆಗೆದುಕೊಂಡು ಮನೆಯ ಗ್ಯಾರೇಜಿಗೆ ತಂದು ನಿಲ್ಲಿಸಿ, ದಿನಸಿ ತನ್ನಿ, ಫ್ರೀವೇ ಹತ್ತಿ. ಡೀಲರ್ ಪಕ್ಕದ ಸೀಟಿನಲ್ಲಿ ಕೂತು ಮಾಡಿಸುವ ಹತ್ತು ನಿಮಿಷದ ಟೆಸ್ಟ್ ಡ್ರೈವಿನಲ್ಲಿ ತಿಳಿಯದ್ದು ಎರಡು ದಿನದಲ್ಲಿ ತಿಳಿಯುತ್ತದೆ. ಜಿಆರ್86, ಮಿಯಾಟಾ ಟೂರೋದಲ್ಲಿ, ಅಂದರೆ ಜನ ತಮ್ಮ ಸ್ವಂತ ಕಾರನ್ನು ಬಾಡಿಗೆಗೆ ಕೊಡುವ ಆ್ಯಪ್‌ನಲ್ಲಿ, ಸಿಗುತ್ತವೆ.

ನಮ್ಮ ಮನೆಗಳ ಲೆಕ್ಕ

ಇಂಗ್ಲಿಷ್ ಕಾರು ಪತ್ರಿಕೆಗಳು ಹಿಂದಿನ ಸೀಟಿನ ಬಗ್ಗೆ ಒಂದು ಸಾಲು ಬರೆದು ಮುಂದೆ ಹೋಗುತ್ತವೆ. ನಮ್ಮ ಮನೆಗಳಲ್ಲಿ ಅದು ಒಂದು ಸಾಲಿನ ವಿಷಯ ಅಲ್ಲ.

ಅಪ್ಪ ಅಮ್ಮ ಊರಿಂದ ಬರುತ್ತಾರೆ, ಹಲವು ಸಲ ಆರು ತಿಂಗಳು ಇರುತ್ತಾರೆ. ಏರ್‌ಪೋರ್ಟಿಗೆ ಹೋಗಿ ಕರೆತರಬೇಕು. ಇಬ್ಬರು ದೊಡ್ಡವರು, 23 ಕೆಜಿಯ ನಾಲ್ಕು ಸೂಟ್‌ಕೇಸ್. ಜಿಆರ್86, ಬಿಆರ್‌ಝಡ್‌ನಲ್ಲಿ ಇದು ಆಗದ ಮಾತು. 6 ಘನ ಅಡಿ ಚಿಲ್ಲರೆಯ ಡಿಕ್ಕಿಗೆ ಅಂಥ ಸೂಟ್‌ಕೇಸ್ ಒಂದು ಹೋದರೆ ಹೆಚ್ಚು. ಹಿಂದಿನ ಸೀಟು ಮಡಚಿದರೆ ಸಾಮಾನು ಚೆನ್ನಾಗಿ ಹಿಡಿಯುತ್ತದೆ, ನಾಲ್ಕು ಟೈರ್ ಕೂಡ ಹಿಡಿಯುತ್ತದೆ. ಆದರೆ ಆಗ ಕೂರುವವರು ಇಬ್ಬರೇ. ಮಸ್ಟಾಂಗ್‌ನಲ್ಲೂ ಹಿಂದಿನ ಸೀಟಿನಲ್ಲಿ ದೊಡ್ಡವರು ಮೊಣಕಾಲು ಮಡಚಿ, ತಲೆ ಬಗ್ಗಿಸಿ ಕೂರಬೇಕು. ಸೀರೆ ಉಟ್ಟ ಅಮ್ಮ ಆ ತಗ್ಗಿನ ಮುಂದಿನ ಸೀಟಿನಿಂದ ಏಳುವುದೇ ಕಷ್ಟ. ಮಂಡಿನೋವು ಇದ್ದರಂತೂ ಕೇಳುವುದೇ ಬೇಡ.

ಮಗುವಿನ ಸೀಟೂ ಹಾಗೇ. ಜಿಆರ್86ನ ಹಿಂದಿನ ಸೀಟಿಗೆ ಕಾರ್ ಸೀಟ್ ಕಟ್ಟುವ ಕೊಂಡಿಗಳಿವೆ. ಆದರೆ ಹಿಮ್ಮುಖವಾಗಿ ಕೂರಿಸುವ ಶಿಶುವಿನ ಸೀಟು ಹಾಕಿದರೆ ಮುಂದಿನ ಸೀಟನ್ನು ಡ್ಯಾಶ್‌ಬೋರ್ಡಿಗೆ ಒತ್ತುವಷ್ಟು ಮುಂದೆ ತಳ್ಳಬೇಕು. ದಿನಾ ಎರಡು ಸಲ ಡೇ ಕೇರ್‌ಗೆ ಬಾಗಿ ಬಾಗಿ ಮಗುವನ್ನು ಕೂರಿಸಿ ಇಳಿಸಿದರೆ ಬೆನ್ನು ಉಳಿಯುವುದಿಲ್ಲ.

ಮನೆಯಲ್ಲಿ ಇನ್ನೊಂದು ದೊಡ್ಡ ಕಾರು ಇದ್ದರೆ ಇದಾವುದೂ ಅಡ್ಡಿಯಲ್ಲ. ನಾಲ್ಕರಲ್ಲಿ ಮನಸ್ಸಿಗೆ ಬಂದದ್ದು ಕೊಳ್ಳಿ. ಒಂದೇ ಕಾರು, ಮನೆಯಲ್ಲಿ ಮೂರು ಜನ ಅಥವಾ ಜಾಸ್ತಿ ಅಂದರೆ ಈ ನಾಲ್ಕೂ ಬೇಡ ಎಂದೇ ಹೇಳುತ್ತೇನೆ. ಅದೇ ಬೆಲೆಗೆ ಹೋಂಡಾ ಸಿವಿಕ್ ಎಸ್‌ಐ ಇದೆ: ನಾಲ್ಕು ಬಾಗಿಲು, 200 ಹಾರ್ಸ್‌ಪವರ್, ಮ್ಯಾನುಯಲ್ ಗೇರ್ ಮಾತ್ರ, ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ ಕೂಡ ಇದೆ. ಸ್ವಲ್ಪ ಮೇಲೆ ಹೋದರೆ 276 ಹಾರ್ಸ್‌ಪವರ್‌ನ ಹ್ಯುಂಡೈ ಎಲಾಂಟ್ರಾ ಎನ್. ಇವು ಮುಂದಿನ ಚಕ್ರದಿಂದ ಓಡುವ ಕಾರುಗಳು, ರುಚಿ ಬೇರೆ. ಆದರೆ ಅಪ್ಪ ಅಮ್ಮ ಹಿಂದೆ ನೆಟ್ಟಗೆ ಕೂರಬಹುದು.

ಮ್ಯಾನುಯಲ್ ಬಗ್ಗೆ ಒಂದು ಮಾತು. ಊರಿನಲ್ಲಿ ಮಾರುತಿ 800ರಲ್ಲಿ ಕಲಿತವರಿಗೆ ಕ್ಲಚ್ ಹೊಸದಲ್ಲ, ಇದು ನಮ್ಮವರಿಗೆ ದೊಡ್ಡ ಅನುಕೂಲ. ಪೆಡಲ್‌ಗಳ ಸಾಲು ಇಲ್ಲೂ ಅದೇ. ಬದಲಾಗುವುದು ಗೇರ್ ಹಾಕುವ ಕೈ. ಅಲ್ಲಿ ಎಡಗೈ, ಇಲ್ಲಿ ಬಲಗೈ. ಬೇಗ ರೂಢಿಯಾಗುತ್ತದೆ. ಆದರೆ ಮನೆಯಲ್ಲಿ ಇನ್ನೊಬ್ಬರಿಗೆ ಮ್ಯಾನುಯಲ್ ಬರದಿದ್ದರೆ, ನಿಮಗೆ ಜ್ವರ ಬಂದ ದಿನ ಆ ಕಾರನ್ನು ಯಾರು ಓಡಿಸುತ್ತಾರೆ ಎಂದು ಮೊದಲೇ ಮಾತಾಡಿಕೊಳ್ಳಿ.

ಹಿಮ

ಚಿಕಾಗೊ, ಡೆಟ್ರಾಯಿಟ್, ಮಿನಿಯಾಪೊಲಿಸ್ ಕಡೆ ಇರುವವರು ಎರಡು ಸೆಟ್ ಟೈರಿನ ಖರ್ಚನ್ನು ಕಾರಿನ ಬೆಲೆಗೇ ಸೇರಿಸಿ. ಸಮ್ಮರ್ ಟೈರಿನ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಹಿಮ ಬೀಳಬೇಕೆಂದೇ ಇಲ್ಲ, ಚಳಿ ಸಾಕು. ಒಳ್ಳೆಯ ವಿಂಟರ್ ಟೈರ್ ಹಾಕಿದರೆ ಈ ಕಾರುಗಳು ಚಳಿಗಾಲ ಕಳೆಯಬಲ್ಲವು. ಆದರೆ ಹಿಮ ತೆಗೆಯುವ ಪ್ಲೌ ಬಾರದ ಬೀದಿಯಲ್ಲಿ ಮನೆ ಇದ್ದರೆ ತಗ್ಗಿನ ಕಾರಿನ ಹೊಟ್ಟೆ ಹಿಮಕ್ಕೆ ತಾಗಿ ನಿಲ್ಲುತ್ತದೆ. ಅದಕ್ಕೆ ಯಾವ ಟೈರೂ ಮದ್ದಲ್ಲ.

ಖರ್ಚು

ಎರಡನೇ ತಲೆಮಾರು ಬಂದಾಗ, 2022ರಲ್ಲಿ, ಜಿಆರ್86 ಆರಂಭದ ಬೆಲೆ 27,700 ಡಾಲರ್, ಬಿಆರ್‌ಝಡ್ 27,995 ಡಾಲರ್ ಇತ್ತು, ಸಾಗಣೆ ಬೇರೆ. ಆಮೇಲೆ ಎಲ್ಲದರ ಬೆಲೆಯೂ ಏರಿದೆ. ಸ್ಟಿಕರ್ ನೋಡಿ ಮೋಸಹೋಗಬೇಡಿ. ಸಾಗಣೆ, ತೆರಿಗೆ, ನೋಂದಣಿ, ಡೀಲರ್ ಸೇರಿಸುವ ಮಾರ್ಕಪ್, ಕೇಳದೆಯೇ ಹಚ್ಚಿಬಿಡುವ ಪೇಂಟ್ ಕೋಟಿಂಗ್ ಎಲ್ಲ ಸೇರಿದ ಔಟ್ ದಿ ಡೋರ್ ಬೆಲೆಯನ್ನು ಇಮೇಲಿನಲ್ಲಿ ತರಿಸಿಕೊಳ್ಳಿ. ಮೂರ್ನಾಲ್ಕು ಡೀಲರ್‌ಗಳಿಂದ ತರಿಸಿ, ಪಕ್ಕದ ರಾಜ್ಯದವರನ್ನೂ ಕೇಳಿ. ತಿಂಗಳ ಕಂತು ಎಷ್ಟು ಬೇಕು ಎಂದು ಅವರು ಕೇಳಿದರೆ ಹೇಳಬೇಡಿ. ಮಾತು ಒಟ್ಟು ಬೆಲೆಯ ಮೇಲೇ ಇರಲಿ.

ಗ್ಯಾಸಿನ ಲೆಕ್ಕಕ್ಕೆ ವರ್ಷಕ್ಕೆ 12,000 ಮೈಲಿ ಇಟ್ಟುಕೊಳ್ಳೋಣ. ಸರಕಾರಿ ಮೈಲೇಜ್ ಪ್ರಕಾರ ಮ್ಯಾನುಯಲ್ ಜಿಆರ್86 ಗ್ಯಾಲನ್ನಿಗೆ 22 ಮೈಲಿ, ಅಂದರೆ ಸುಮಾರು 545 ಗ್ಯಾಲನ್. ಅದರದೇ ಆಟೋಮ್ಯಾಟಿಕ್ 25 ಮೈಲಿ, 480 ಗ್ಯಾಲನ್. ಮಸ್ಟಾಂಗ್ 26 ಮೈಲಿ, 460 ಗ್ಯಾಲನ್ ಚಿಲ್ಲರೆ. ಮಿಯಾಟಾ 29 ಮೈಲಿ, 414 ಗ್ಯಾಲನ್. ಕ್ಯಾಲಿಫೋರ್ನಿಯಾದ ಪ್ರೀಮಿಯಂ ದರದಲ್ಲಿ ಗುಣಿಸಿ ನೋಡಿದರೆ ಜಿಆರ್86ಗೂ ಮಿಯಾಟಾಗೂ ನಡುವಿನ ಅಂತರ ಸಣ್ಣದಲ್ಲ.

ಇನ್ಶೂರೆನ್ಸ್ ಮಾತ್ರ ಯಾರೂ ಊಹಿಸಿ ಹೇಳಲಾಗದು. ವಯಸ್ಸು, ಪಿನ್‌ಕೋಡ್, ಇಲ್ಲಿನ ಲೈಸೆನ್ಸ್ ಎಷ್ಟು ಹಳೆಯದು ಎಂಬುದರ ಮೇಲೆ ಹೋಗುತ್ತದೆ. ಹೊಸದಾಗಿ ಬಂದ 25ರೊಳಗಿನ ಹುಡುಗ ಹುಡುಗಿಯರಿಗೆ ಸ್ಪೋರ್ಟಿ ಕಾರಿನ ಪ್ರೀಮಿಯಂ ಎದೆ ಝಲ್ ಎನ್ನಿಸಬಹುದು. ಡೀಲರ್ ಹತ್ತಿರ ಆ ಕಾರಿನ ವಿಐಎನ್ ನಂಬರ್ (ಪ್ರತಿ ಕಾರಿಗೂ ಇರುವ ಗುರುತಿನ ಸಂಖ್ಯೆ) ತೆಗೆದುಕೊಂಡು ಸಹಿ ಹಾಕುವ ಮೊದಲೇ ಕೊಟೇಶನ್ ತರಿಸಿ. ವಾರಂಟಿಯಲ್ಲಿ ಹೋಲಿಸಲು ಏನೂ ಇಲ್ಲ, ನಾಲ್ಕಕ್ಕೂ 3 ವರ್ಷ ಅಥವಾ 36,000 ಮೈಲಿ, ಎಂಜಿನ್ ಗೇರ್‌ಬಾಕ್ಸಿಗೆ 5 ವರ್ಷ ಅಥವಾ 60,000 ಮೈಲಿ. ಜಿಆರ್86 ಕೊಂಡವರಿಗೆ ಟೊಯೋಟ ನಾಸಾ ಎಂಬ ಹವ್ಯಾಸಿ ರೇಸಿಂಗ್ ಸಂಸ್ಥೆಯ ಒಂದು ವರ್ಷದ ಸದಸ್ಯತ್ವ ಮತ್ತು ಒಂದು ದಿನದ ಟ್ರ್ಯಾಕ್ ತರಬೇತಿ ಕೊಡುತ್ತದೆ. ಬಿಡಬೇಡಿ, ಹೋಗಿ ಬನ್ನಿ. ಕಾರು ಹೇಗೆ ಜಾರುತ್ತದೆ ಎಂದು ಸುರಕ್ಷಿತ ಜಾಗದಲ್ಲಿ ಒಮ್ಮೆ ಕಲಿತರೆ ಮಳೆಯ ದಿನದ ರಸ್ತೆಗೆ ಅದು ಜೀವ ಕಾಯುವ ವಿದ್ಯೆ.

ವಾಪಸ್ ಹೋಗುವಾಗ ಕಾರನ್ನೂ ಊರಿಗೆ ಕೊಂಡೊಯ್ಯುವ ಆಸೆ ಕೆಲವರಿಗಿರುತ್ತದೆ. ಭಾರತಕ್ಕೆ ತರುವ ಬಳಸಿದ ಕಾರಿಗೆ ಸ್ಟಿಯರಿಂಗ್ ಬಲಗಡೆಯೇ ಇರಬೇಕು. ಆದ್ದರಿಂದ ಅದನ್ನು ಮರೆತು, ಇಲ್ಲೇ ಮಾರುವ ಲೆಕ್ಕದಲ್ಲೇ ಕೊಳ್ಳಿ.

ಸೆಕೆಂಡ್ ಹ್ಯಾಂಡ್

ಬಜೆಟ್ ಇನ್ನೂ ಕಡಿಮೆ ಇರುವವರಿಗೆ ಬಳಸಿದ ಕಾರೇ ಒಳ್ಳೆಯ ದಾರಿ. ಎರಡನೇ ತಲೆಮಾರಿನ ಜಿಆರ್86, ಬಿಆರ್‌ಝಡ್ ನೋಡುವಾಗ ಒಂದು ವಿಷಯ ಗಮನಿಸಿ. 2022 ಮತ್ತು 2023ರ ಮ್ಯಾನುಯಲ್ ಕಾರುಗಳಲ್ಲಿ ತಾನೇ ಬ್ರೇಕ್ ಹಾಕುವ ಸುರಕ್ಷತಾ ವ್ಯವಸ್ಥೆ ಇಲ್ಲ, ಅದು ಮ್ಯಾನುಯಲ್‌ಗೆ ಬಂದಿದ್ದು 2024ರ ಮಾಡೆಲ್‌ನಲ್ಲಿ. ದಿನಾ ನಿಂತು ನಿಂತು ಹೋಗುವ ಟ್ರಾಫಿಕ್ಕಿನವರು 2024 ಅಥವಾ ನಂತರದ್ದು ಹುಡುಕಿ.

ಮೊದಲ ತಲೆಮಾರಿನಲ್ಲಿ 2017 ಅಥವಾ ನಂತರದ್ದು ನನ್ನ ಆಯ್ಕೆ. ಆ ವರ್ಷ ಮ್ಯಾನುಯಲ್ ಕಾರಿಗೆ ಹಾರ್ಸ್‌ಪವರ್ 200ರಿಂದ 205 ಆಯಿತು. 2013ರ ಮಾಡೆಲ್ ಕಡಿಮೆ ಬೆಲೆಗೆ ಸಿಗುತ್ತದೆ. ಆದರೆ ವಾಲ್ವ್ ಸ್ಪ್ರಿಂಗ್ ಮುರಿಯಬಹುದೆಂದು 2018ರಲ್ಲಿ ಆ ವರ್ಷದ ಕಾರುಗಳನ್ನು ಹಿಂದಕ್ಕೆ ಕರೆದಿದ್ದರು. ಅದನ್ನು ಸರಿಮಾಡಲು ಎಂಜಿನ್ ಹೊರತೆಗೆಯಬೇಕು. ಕೆಲಸ ಆಗಿದೆಯೇ, ಯಾರು ಮಾಡಿದರು, ಆಮೇಲೆ ಎಷ್ಟು ಮೈಲಿ ಓಡಿದೆ ಎಂದು ಕೇಳಿ. ಸರಕಾರದ ಹೆದ್ದಾರಿ ಸುರಕ್ಷತಾ ಇಲಾಖೆಯ ವೆಬ್‌ಸೈಟಿನಲ್ಲಿ ವಿಐಎನ್ ನಂಬರ್ ಹಾಕಿದರೆ ಬಾಕಿ ಇರುವ ರೀಕಾಲ್ ಉಚಿತವಾಗಿ ತಿಳಿಯುತ್ತದೆ.

ಇಂಥ ಕಾರುಗಳನ್ನು ಮೊದಲ ಮಾಲೀಕರು ಸುಮ್ನೆ ಇಡುವುದು ಅಪರೂಪ. ಎಕ್ಸಾಸ್ಟ್ ಬದಲಿಸಿರುತ್ತಾರೆ, ಕಂಪ್ಯೂಟರ್ ಟ್ಯೂನ್ ಮಾಡಿಸಿರುತ್ತಾರೆ, ಸ್ಪ್ರಿಂಗ್ ತಗ್ಗಿಸಿರುತ್ತಾರೆ. ಯಾವುದನ್ನೂ ಬದಲಿಸದ ಕಾರಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ. ಎಂಜಿನ್ ಪೂರ್ತಿ ತಣ್ಣಗಿರುವಾಗ ಹೋಗಿ ಸ್ಟಾರ್ಟ್ ಮಾಡಿಸಿ. ಮೊದಲೇ ಬಿಸಿ ಮಾಡಿ ನಿಲ್ಲಿಸಿದ್ದರೆ ಏನೋ ಮುಚ್ಚಿಡುತ್ತಿರಬಹುದು. ಮೂರನೇ ಗೇರಿನಲ್ಲಿ ನಿಧಾನ ಹೋಗುತ್ತಾ ಗ್ಯಾಸ್ ಪೂರ್ತಿ ಒತ್ತಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಸವೆದಿದೆ. ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಕರಕರ ಸದ್ದು ಬರಬಾರದು. ನಾಲ್ಕೂ ಟೈರ್ ಒಂದೇ ಕಂಪನಿಯದ್ದೇ, ಹೊರ ಅಂಚು ಮಾತ್ರ ಸವೆದಿದೆಯೇ ನೋಡಿ. ಆಯಿಲ್ ಬದಲಿಸಿದ ರಸೀದಿ ಕೇಳಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ರಾಜ್ಯದ ಕಾರಾದರೆ ಲಿಫ್ಟಿಗೆ ಏರಿಸಿ ಕೆಳಗಿನ ತುಕ್ಕು ನೋಡಲೇಬೇಕು. ಅದಕ್ಕೆ ಮಾರುವವರ ಪರಿಚಯದ ಗ್ಯಾರೇಜ್ ಬೇಡ, ನೀವೇ ಗೊತ್ತುಮಾಡಿದ ಮೆಕ್ಯಾನಿಕ್ ಇರಲಿ. ತಪಾಸಣೆಗೆ ಕಾರು ಕಳಿಸಲು ಮಾರುವವರು ಒಪ್ಪದಿದ್ದರೆ ಆ ಕಾರನ್ನು ಅಲ್ಲೇ ಬಿಟ್ಟು ಬನ್ನಿ.